ಕನ್ನಡಿಗರ ಹಿತ್ತಿಲು: ವಸಂತದ ಸಿದ್ಧತೆಯ ಇತಿಹಾಸ

೧

ವಸಂತವೆಂದೊಡನೆ ಕನ್ನಡ ಓದುಗನ ಮನಸ್ಸು ಕಾವ್ಯದ ಕಡೆಗೆ ಹರಿಯುವುದು ಸಹಜ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೆ ಸಲ್ಲುವ ಸ್ಥಾನ ಹಿರಿದು. ಪಂಪನಿಂದ ಮೊದಲ್ಗೊಂಡು ನಮ್ಮ ಪ್ರಾಚೀನ ಕವಿಗಳಲ್ಲಿ ಮಾಮರ, ಕೋಗಿಲೆ, ದುಂಬಿ, ಮಲ್ಲಿಗೆಗಳಿಲ್ಲದ ವಸಂತ ವಿರಳ. ಆದರೆ ಅದೇ ಕಾಲದಲ್ಲಿ, ಅದೇ ನಾಡಿನ ಗೃಹಸ್ಥನ ಮನೆಯ ಹಿಂದೆ ನಡೆಯುತ್ತಿದ್ದ ಕೆಲಸ ಬೇರೆಯದು. ಒಣಗಿದ ಅವರೆಯ ಬಳ್ಳಿಯನ್ನು ತೆಗೆದು, ನೆಲವನ್ನು ಅಗೆದು, ತಿಪ್ಪೆಯ ಗೊಬ್ಬರವನ್ನು ಮಂಕರಿಯಲ್ಲಿ ಹೊತ್ತು ತಂದು, ಪಾತಿ ಕಟ್ಟಿ, ಬಚ್ಚಲಿನ ನೀರಿಗೆ ದಾರಿ ಮಾಡುವ ಈ ಕೆಲಸಕ್ಕೆ ಕಾವ್ಯದಲ್ಲಿ ತಕ್ಕ ಎಡೆ ದೊರೆಯಲಿಲ್ಲ.

ಶಾಸನಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ದೇವರ ಪೂಜೆಗೆ ಬಿಟ್ಟ ಹೂದೋಂಟ, ದಾನವಾಗಿ ಸಂದ ತೋಟ, ಗಾಣ, ಗದ್ದೆ, ಮನೆಯ ನಿವೇಶನ ಇವುಗಳ ಉಲ್ಲೇಖ ಕರ್ಣಾಟಕದ ಶಾಸನಗಳಲ್ಲಿ ಹೇರಳವಾಗಿದೆ. ದಾನಕ್ಕೋ ತೆರಿಗೆಗೋ ಒಳಪಟ್ಟ ನೆಲ ಕಲ್ಲಿನ ಮೇಲೆ ಬರೆಹವಾಯಿತು. ಮನೆಮಂದಿಯ ಹೊಟ್ಟೆಗೆ ಸೊಪ್ಪು ತರಕಾರಿ ಕೊಟ್ಟ ನೆಲ ಸಾಮಾನ್ಯವಾಗಿ ಬರೆಹದಿಂದ ಹೊರಗುಳಿಯಿತು. ಆದುದರಿಂದ ಹಿತ್ತಿಲಿನ ಇತಿಹಾಸವನ್ನು ಬರೆಯಹೊರಟವನು ಶಾಸ್ತ್ರಗ್ರಂಥ, ಪ್ರವಾಸಿಗಳ ವರದಿ, ಉಪಕರಣ, ಆಚರಣೆ ಮತ್ತು ಮುಖ್ಯವಾಗಿ ಮಾತಿನ ಸಾಕ್ಷ್ಯವನ್ನು ಅವಲಂಬಿಸಬೇಕಾಗುತ್ತದೆ.

ಮಾತಿನ ಸಾಕ್ಷ್ಯವನ್ನೇ ಮೊದಲು ನೋಡಬಹುದು. ಹಿತ್ತಿಲು ಎಂಬುದು ಹಿಂದು, ಹಿಂಬದಿ ಎಂಬ ಶಬ್ದಗಳ ಬಳಗದ್ದು. ಮನೆಯ ಬೆನ್ನ ಕಡೆಯ ನೆಲವೆಂದು ಅದರ ಅರ್ಥ. ತೋಟ, ಹಳಗನ್ನಡದ ತೋಂಟ, ಎಂಬ ಶಬ್ದವನ್ನು ಅಗೆಯುವುದೆಂಬ ಅರ್ಥದ ‘ತೋಡು’ ಧಾತುವಿನೊಡನೆ ದ್ರಾವಿಡ ಭಾಷಾಶಾಸ್ತ್ರಜ್ಞರು ಸಂಬಂಧಿಸುವುದುಂಟು. ಹಾಗಾದರೆ ತೋಟವೆಂದರೆ ಹಸಿರಾಗಿರುವ ನೆಲವೆನ್ನುವುದಕ್ಕಿಂತ ಮೊದಲು ತೋಡಿದ ನೆಲ. ಬೆಳೆಗಿಂತ ಸಿದ್ಧತೆಯೇ ಹೆಸರಿನಲ್ಲಿ ಉಳಿದಿದೆ.

೨

ಶೀತದೇಶಗಳಲ್ಲಿ ವಸಂತವೆಂದರೆ ಹಿಮ ಕರಗಿ, ನೆಲ ಬೆಚ್ಚಗಾಗಿ, ತಾನೇ ಹಸಿಯಾಗಿ ಬಿತ್ತನೆಗೆ ಒದಗುವ ಕಾಲ. ಅಲ್ಲಿಯ ತೋಟಗಾರನಿಗೆ ಬೇಕಾದದ್ದು ಬಿಸಿಲು. ನೀರು ನೆಲದಲ್ಲಿಯೇ ಇರುತ್ತದೆ. ಕನ್ನಡ ನಾಡಿನಲ್ಲಿ ಸ್ಥಿತಿ ಇದಕ್ಕೆ ತೀರ ವಿಪರೀತ. ಇಲ್ಲಿ ಬಿಸಿಲಿಗೆ ಬರವಿಲ್ಲ. ಮಳೆಯ ಬಹುಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಹೋಗಿರುತ್ತದೆ. ಮಾಘ ಫಾಲ್ಗುಣಗಳು ಒಣ ತಿಂಗಳುಗಳು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಹೋಗುತ್ತದೆಂದು ಜನ ಹೇಳುವ ಹೊತ್ತಿಗೆ ಬಾವಿಯ ನೀರೂ ಒಂದೆರಡು ಮೆಟ್ಟಿಲು ಇಳಿದಿರುತ್ತದೆ. ಮರಗಳು ಚಿಗುರುವ ಕಾಲದಲ್ಲಿಯೇ ನೆಲ ಬಾಯಾರುವುದು ನಮ್ಮ ವಸಂತದ ಲಕ್ಷಣ.

ಇದರಿಂದ ಒಂದು ತೀರ್ಮಾನ ಅನಿವಾರ್ಯವಾಗಿ ಹೊರಡುತ್ತದೆ. ಮಳೆಗಾಲದ ಹಿತ್ತಿಲು ಮುಗಿಲಿನ ಕೊಡುಗೆ. ವಸಂತದ ಹಿತ್ತಿಲು ಬಾವಿಯ ಮತ್ತು ಬಚ್ಚಲಿನ ಕೊಡುಗೆ. ಹಿತ್ತಿಲನ್ನು ವಸಂತಕ್ಕೆ ಅಣಿಗೊಳಿಸುವುದೆಂದರೆ ಕನ್ನಡಿಗನ ಪಾಲಿಗೆ ಮಣ್ಣಿನ ಕೆಲಸಕ್ಕಿಂತ ಹೆಚ್ಚಾಗಿ ನೀರಿನ ಲೆಕ್ಕವಾಗಿತ್ತು. ಒಮ್ಮೆ ಬಳಸಿದ ನೀರು ಎರಡನೆಯ ಸಲ ಎಲ್ಲಿಗೆ ಹೋಗಬೇಕೆಂಬ ವಿಚಾರವೇ ಈ ತೋಟದ ಮೂಲತತ್ತ್ವ. ಹಿತ್ತಿಲು ಹೇಗೆ ಬಾಳಿತು, ಮುಂದೆ ಹೇಗೆ ಅಳಿಯಿತು ಎಂಬುದನ್ನು ಈ ಒಂದು ತತ್ತ್ವದಿಂದಲೇ ಬಹುಮಟ್ಟಿಗೆ ವಿವರಿಸಬಹುದಾಗಿದೆ.

೩

ಪ್ರಾಚೀನ ಶಾಸ್ತ್ರಕಾರರು ಈ ತತ್ತ್ವವನ್ನು ಬಲ್ಲವರಾಗಿದ್ದರು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಭೂಗತ ಜಲವನ್ನು ಪತ್ತೆಮಾಡುವ ದಕಾರ್ಗಲದ ಅಧ್ಯಾಯ ಮುಗಿದ ಬೆನ್ನಿಗೇ ವೃಕ್ಷಾಯುರ್ವೇದದ ಅಧ್ಯಾಯ ಬರುತ್ತದೆ. ನೀರು ಮೊದಲು, ಗಿಡ ಅನಂತರ ಎಂಬ ಈ ಕ್ರಮ ಅರ್ಥಪೂರ್ಣವಾದದ್ದು. ನೆಲವನ್ನು ಹದಗೊಳಿಸುವ ವಿಚಾರದಲ್ಲಿ ಅವನು ಹೇಳುವ ಮಾತು ಇಂದಿನ ಕೃಷಿಶಾಸ್ತ್ರಜ್ಞನೂ ಒಪ್ಪುವಂತಹದು: ಮೃದುವಾದ ಭೂಮಿ ಎಲ್ಲ ಗಿಡಗಳಿಗೂ ಹಿತ, ಅದರಲ್ಲಿ ಮೊದಲು ಎಳ್ಳನ್ನು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ಮರ್ದಿಸಬೇಕು, ಇದು ಭೂಮಿಗೆ ಮಾಡುವ ಮೊದಲ ಸಂಸ್ಕಾರ. ಹಸಿರೆಲೆ ಗೊಬ್ಬರವೆಂದು ಈಗ ಕರೆಯುವ ಪದ್ಧತಿ ಇದೇ. ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂದು ಅವನು ವಿಧಿಸುತ್ತಾನೆ.

ಈ ವಿದ್ಯೆ ಕನ್ನಡಕ್ಕೆ ಬಂದದ್ದು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರಂ’ ಗ್ರಂಥದಿಂದ. ಕಲ್ಯಾಣದ ಚಾಳುಕ್ಯ ದೊರೆ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಈ ಕವಿಯನ್ನು ಗೊಮ್ಮಟಮೂರ್ತಿಯನ್ನು ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯನೊಡನೆ ಗೊಂದಲಪಡಿಸಬಾರದು. ಸುಮಾರು ಕ್ರಿ.ಶ. ೧೦೨೫ರಲ್ಲಿ ರಚಿತವಾದ ಈ ಕೃತಿ ಜೋಯಿಸ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಗಂಧಯುಕ್ತಿ, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳನ್ನು ಒಂದೇ ಕಟ್ಟಿನಲ್ಲಿ ತರುತ್ತದೆ. ಬಾವಿ ತೋಡುವ ನೆಲೆ, ಗಿಡ ಬೆಳೆಸುವ ರೀತಿ, ಬೆಳೆದದ್ದನ್ನು ಅಡುಗೆ ಮಾಡುವ ಕ್ರಮ, ಕಾಯಿಲೆಗೆ ಮದ್ದು ಈ ನಾಲ್ಕೂ ಒಂದೇ ಗ್ರಂಥದಲ್ಲಿ ಕೂಡಿರುವುದು ಆಕಸ್ಮಿಕವೆನ್ನಲಾಗದು. ಬಾವಿ, ಹಿತ್ತಿಲು, ಅಡುಗೆಮನೆ, ಮದ್ದಿನ ಪೆಟ್ಟಿಗೆ ಇವು ಗೃಹಸ್ಥನ ಬಾಳಿನಲ್ಲಿಯೂ ಹೀಗೆಯೇ ಹೊಂದಿಕೊಂಡಿದ್ದುವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹುಟ್ಟಬೇಕಾದರೆ ಹಿತ್ತಿಲಲ್ಲಿ ಮದ್ದಿನ ಗಿಡ ಇದ್ದೇ ಇರಬೇಕಷ್ಟೆ. ಈ ಗ್ರಂಥ ೧೯೫೦ರಲ್ಲಿ ಮದರಾಸಿನಲ್ಲಿ ಅಚ್ಚಾಯಿತೆಂಬುದು ಹೊರನಾಡ ಕನ್ನಡಿಗರು ನೆನೆಯಬೇಕಾದ ಸಂಗತಿ.

ಇದೇ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವೂ (ಸುಮಾರು ೧೧೨೯), ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವೂ (೧೭೦೯) ಸಂಸ್ಕೃತದಲ್ಲಿ ಉದ್ಯಾನ ವಿದ್ಯೆಯನ್ನು ಪ್ರಸ್ತಾಪಿಸುತ್ತವೆ. ಆದರೆ ಅವು ಅರಸರ ಕೃತಿಗಳು. ಅವುಗಳ ಕಣ್ಣು ವಿಹಾರವನದ ಮೇಲೆ ನೆಟ್ಟಿದೆ. ಸಾಮಾನ್ಯನ ಹಿತ್ತಿಲಿಗೆ ಹತ್ತಿರವಾದದ್ದು ಕನ್ನಡದಲ್ಲಿಯೇ ಬರೆದ ಲೋಕೋಪಕಾರ.

೪

ಶಾಸ್ತ್ರ ಹೀಗಿರಲು, ರೂಢಿ ಹೇಗಿತ್ತೆಂಬುದನ್ನು ಇನ್ನು ನೋಡಬೇಕು. ಮೈಸೂರು ಸೀಮೆಯ ಬಯಲುನಾಡಿನಲ್ಲಿ ವಸಂತದ ಸಿದ್ಧತೆ ಸಂಕ್ರಾಂತಿ ಕಳೆದ ಮೇಲೆ, ಅವರೆಯ ಕಾಲ ಮುಗಿಯುತ್ತ ಬಂದಂತೆ ಆರಂಭವಾಗುತ್ತಿತ್ತು. ಬಳ್ಳಿಯನ್ನು ಬುಡದಲ್ಲಿ ಕೊಯ್ದು ದನಕ್ಕೆ ಹಾಕಿ, ಬೇರನ್ನು ನೆಲದಲ್ಲಿಯೇ ಬಿಟ್ಟರೆ ಅದು ಮಣ್ಣಿಗೆ ಬಲ. ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತವೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಜ್ಞಾನಕ್ಕೆ ತಿಳಿಯಿತು; ಅವರೆ ಬೆಳೆದ ಜಾಗದಲ್ಲಿ ಸೊಪ್ಪು ಚೆನ್ನಾಗಿ ಬರುತ್ತದೆಂಬುದು ಅನುಭವಕ್ಕೆ ಮೊದಲೇ ತಿಳಿದಿತ್ತು.

ಎರಡನೆಯ ಹೆಜ್ಜೆ ಅಗೆತ. ಗುದ್ದಲಿಯಿಂದ ಅಗೆದ ಹೆಂಟೆಗಳನ್ನು ಕೂಡಲೆ ಒಡೆಯದೆ ಕೆಲವು ದಿನ ಬಿಸಿಲಿಗೆ ಬಿಡುವುದು ಪದ್ಧತಿ. ಮಾಘದ ಬಿಸಿಲಿಗೆ ಕಳೆಯ ಬೇರು ಒಣಗುತ್ತದೆ. ಮಣ್ಣಿನೊಳಗಿನ ಹುಳುಗಳು ಮೇಲೆ ಬಂದು ಕೋಳಿ ಕಾಗೆಗಳ ಪಾಲಾಗುತ್ತವೆ. ಆ ಬಳಿಕ ಗೊಬ್ಬರ. ಹಿತ್ತಿಲಿನ ಮೂಲೆಯ ತಿಪ್ಪೆಯಲ್ಲಿ ವರ್ಷವಿಡೀ ಕೂಡಿದ ಸಗಣಿ, ಕಸ, ಒಲೆಯ ಬೂದಿ ಕೊಳೆತು ಕಪ್ಪಾಗಿ, ವಾಸನೆ ಅಡಗಿದ ಮೇಲೆಯೇ ಪಾತಿಗೆ ಯೋಗ್ಯ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆಂಬ ಎಚ್ಚರಿಕೆ ಹಳ್ಳಿಗಳಲ್ಲಿ ಸಾರ್ವತ್ರಿಕ. ಬೂದಿಗೆ ಇನ್ನೊಂದು ಉಪಯೋಗವೂ ಇತ್ತು: ಮುಂಜಾವಿನಲ್ಲಿ ಇಬ್ಬನಿ ಆರುವ ಮೊದಲು ಸೌತೆ ಕುಂಬಳಗಳ ಎಳೆ ಎಲೆಯ ಮೇಲೆ ಎರಚಿದರೆ ಎಲೆ ತಿನ್ನುವ ಕೀಟ ದೂರವಾಗುತ್ತದೆ.

ಮೂರನೆಯದೂ ಮುಖ್ಯವಾದದ್ದೂ ನೀರಿನ ದಾರಿ. ಬಚ್ಚಲಿನಿಂದ ಹೊರಬೀಳುವ ನೀರು ಮೊದಲು ಬಾಳೆಯ ಬುಡಕ್ಕೆ, ಅಲ್ಲಿ ಹಿಂಗದೆ ಮಿಕ್ಕದ್ದು ಕೆಸುವಿಗೆ. ಪಾತ್ರೆ ತೊಳೆದ ನೀರು ಬಸಳೆಯ ಚಪ್ಪರದ ಕಡೆಗೆ. ಅಕ್ಕಿ ಬೇಳೆ ತೊಳೆದ ನೀರಿನಲ್ಲಿ ದನಕ್ಕೆ ಹೋಗಿ ಉಳಿದದ್ದು ಕರಿಬೇವಿಗೆ. ಬಾವಿಯಿಂದ ಆಗತಾನೆ ಸೇದಿದ ಶುದ್ಧ ನೀರು ತುಳಸಿಗೂ ಸಸಿಮಡಿಗೂ ಮಾತ್ರ. ಎಲ್ಲ ಮನೆಗಳಲ್ಲಿಯೂ ಇದೇ ಕ್ರಮವಿತ್ತೆಂದಲ್ಲ. ಆದರೆ ನೀರಿನ ಗುಣಕ್ಕೂ ಗಿಡದ ಗುಣಕ್ಕೂ ಹೊಂದಿಕೆ ನೋಡುವ ವಿವೇಕ ಸಾಮಾನ್ಯವಾಗಿತ್ತು. ಪಾತಿಯ ಬದುವನ್ನು ಎತ್ತರಿಸಿ, ಬುಡಕ್ಕೆ ತರಗೆಲೆ ಹೊದಿಸಿ ತೇವವನ್ನು ಕಾಯುವುದೂ ಈ ಲೆಕ್ಕಕ್ಕೇ ಸೇರಿದ್ದು.

ಇನ್ನು ಬೀಜ. ಹಿಂದಿನ ವರ್ಷ ಬಳ್ಳಿಯಲ್ಲಿಯೇ ಒಣಗಲು ಬಿಟ್ಟ ಹೀರೆ, ಸೋರೆಗಳು ಅಡುಗೆಮನೆಯ ಹೊಗೆ ತಾಗುವಂತೆ ಸೂರಿನಿಂದ ತೂಗುತ್ತಿದ್ದುವು; ಒಗ್ಗಿದ ಸೌತೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಗೋಡೆಗೆ ಮೆತ್ತುತ್ತಿದ್ದರು. ಬೆಂಡೆ, ಹೀರೆ, ಪಡವಲ, ಹಾಗಲ, ದಂಟು, ಗೋರಿಕಾಯಿಗಳನ್ನು ಫಾಲ್ಗುಣದಲ್ಲಿ ಬಿತ್ತಿದರೆ ಯುಗಾದಿಯ ಹೊತ್ತಿಗೆ ಸಸಿ ಎದ್ದಿರಬೇಕೆಂಬುದು ಸಾಮಾನ್ಯ ಲೆಕ್ಕ. ಹೊಲದಲ್ಲಿ ಯುಗಾದಿಯಂದು ಹೊನ್ನೇರು ಕಟ್ಟಿ ವರ್ಷದ ಮೊದಲ ಉಳುಮೆಯನ್ನು ಶಾಸ್ತ್ರಕ್ಕೆ ಮಾಡುವಾಗ ಹಿತ್ತಿಲಿನ ಕೆಲಸ ಆಗಲೇ ಒಂದು ತಿಂಗಳು ಮುಂದಿರುತ್ತಿತ್ತು. ಅಶ್ವಿನಿ ಭರಣಿಗಳ ಮಳೆ ಬಿದ್ದಿತೋ, ಹೊಲಕ್ಕೆ ಅದು ಆರಂಭ; ಹಿತ್ತಿಲಿಗೆ ಅದು ವಿರಾಮ.

ಕರಾವಳಿಯ ರೀತಿ ಬೇರೆ. ಅಲ್ಲಿ ಏಣೆಲು ಭತ್ತದ ಕೊಯಿಲಾದ ಮೇಲೆ ಗದ್ದೆಯೇ ಕೆಲವು ತಿಂಗಳ ಮಟ್ಟಿಗೆ ತರಕಾರಿಯ ತೋಟವಾಗುತ್ತದೆ. ಒಣಗಿದ ಎಲೆ, ಕಡ್ಡಿಗಳ ಮೇಲೆ ಮಣ್ಣು ಹೇರಿ ಸುಟ್ಟು ತಯಾರಿಸುವ ಸುಡುಮಣ್ಣು ಅಲ್ಲಿಯ ವಿಶೇಷ. ಅದನ್ನು ಸಾಲಿಗೆ ಹಾಕಿ ಸೌತೆ, ಅಲಸಂಡೆ, ಬೆಂಡೆ, ಹರಿವೆ ಬೆಳೆದು, ಬಲಿತ ಸೌತೆಯನ್ನು ಮಳೆಗಾಲಕ್ಕಾಗಿ ಮಾಡಿನಿಂದ ತೂಗುಹಾಕುತ್ತಿದ್ದರು. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆಯೂ ಭತ್ತದ ನಂತರದ ಬೆಳೆಯೇ. ಅದರ ಬೀಜವನ್ನು ವಾದಿರಾಜರು ಅನುಗ್ರಹಿಸಿದರೆಂಬುದು ಐತಿಹ್ಯ, ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಇತಿಹಾಸ. ಉತ್ತರದ ಎರೆನೆಲ ಬೇಸಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಪುಂಡಿ, ರಾಜಗಿರಿ, ಮೆಂತ್ಯಗಳ ಮಡಿಗಳು ಬಾವಿಯ ಮಗ್ಗುಲಿಗೇ ಅಂಟಿಕೊಂಡಿದ್ದುವು. ಮಲೆನಾಡಿನಲ್ಲಿ ಸಿದ್ಧತೆಯ ಗುರಿ ಮುಂದೆ ಬರುವ ಜಡಿಮಳೆ. ಬೇಲಿ ಬಿಗಿದು, ಸೊಪ್ಪು ತರಗು ಕೂಡಿಹಾಕುವುದು ಅಲ್ಲಿಯ ವಸಂತದ ಕೆಲಸ.

ಈ ಶ್ರಮ ಯಾರದಾಗಿತ್ತೆಂಬ ಪ್ರಶ್ನೆಯನ್ನು ಮರೆಯುವಂತಿಲ್ಲ. ನೀರು ಸೇದಿದವರು, ಬೀಜ ಕಾದವರು, ಕಳೆ ಕಿತ್ತವರು ಬಹುಮಟ್ಟಿಗೆ ಮನೆಯ ಹೆಂಗಸರು. ಇನ್ನು ಊರ ಬಾವಿಯನ್ನು ಮುಟ್ಟಲು ಅವಕಾಶವಿಲ್ಲದ ಕೇರಿಗಳಿಗೆ ವಸಂತದ ಹಿತ್ತಿಲೆಂಬುದೇ ಇರಲಿಲ್ಲ. ಕುಡಿಯಲು ನೀರು ಬೇಡಬೇಕಾದವರು ಗಿಡಕ್ಕೆ ಎಲ್ಲಿಂದ ಎರೆದಾರು? ೧೯೨೭ರಲ್ಲಿ ಮಹಾಡದ ಚವದಾರ ಕೆರೆಯ ನೀರಿಗಾಗಿ ಡಾಕ್ಟರ್ ಅಂಬೇಡ್ಕರರು ಸತ್ಯಾಗ್ರಹ ಹೂಡಿದಾಗ ಪ್ರಶ್ನೆ ಬಾಯಾರಿಕೆಯದಷ್ಟೇ ಆಗಿರಲಿಲ್ಲ. ಹಿತ್ತಿಲಿನ ಹಸಿರನ್ನು ಹೊಗಳುವ ಇತಿಹಾಸ ಆ ಹಸಿರಿಲ್ಲದ ಅಂಗಳಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೫

ಹತ್ತೊಂಬತ್ತನೆಯ ಶತಮಾನದ ಬಾಗಿಲಲ್ಲಿ ಈ ತೋಟಗಳಿಗೆ ಒಬ್ಬ ಸಾಕ್ಷಿ ದೊರೆಯುತ್ತಾನೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, ೧೮೦೦-೦೧ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯ ಮೇರೆಗೆ ಮೈಸೂರು, ಕನ್ನಡ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ದಿನಚರಿಯನ್ನು ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಮೈಸೂರು ಸೀಮೆಯ ತೋಟಗಳನ್ನು ಅವನು ತರಕಾರಿಯದು, ತೆಂಗಿನದು, ಎಲೆಯದು, ಹೂವಿನದು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಕನ್ನಡದ ಹೆಸರುಗಳನ್ನೇ ತನ್ನ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ನೀರೆತ್ತುವ ಯಾತವೂ ಕಪಿಲೆಯೂ ಅವನ ಕಣ್ಣಿಗೆ ಬಿದ್ದಿವೆ. ಕಪಿಲೆಯಲ್ಲಿ ಎತ್ತಿನ ಜೋಡಿ ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ತೊಗಲಿನ ಚೀಲ ಬಾವಿಯಿಂದ ಮೇಲೇರುತ್ತದೆ. ಯಾತದಲ್ಲಿ ಅಡ್ಡಮರದ ಮೇಲೆ ಮನುಷ್ಯ ನಡೆದಾಡಿ ತನ್ನ ತೂಕದಿಂದ ನೀರೆತ್ತುತ್ತಾನೆ. ತೋಟವನ್ನು ನೋಡಬಂದವನು ನೀರಿನ ಯಂತ್ರವನ್ನು ವಿವರಿಸಬೇಕಾಯಿತೆಂಬುದು ಹಿಂದೆ ಹೇಳಿದ ತತ್ತ್ವಕ್ಕೆ ಪೋಷಕವಾಗಿದೆ.

ಬೆಂಗಳೂರಿನಲ್ಲಿ ಹೈದರಾಲಿ ೧೭೬೦ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ತೋಟವನ್ನೂ ಬುಕಾನನ್ ಕಂಡನು. ಚೌಕದ ಮಡಿಗಳು, ನಡುವೆ ದಾರಿ, ಒಂದೊಂದು ಮಡಿಗೆ ಒಂದೊಂದೇ ಜಾತಿಯ ಗಿಡ ಎಂಬ ಅಲ್ಲಿಯ ಕ್ರಮ ಹಿತ್ತಿಲಿನ ಕ್ರಮಕ್ಕೆ ವಿರುದ್ಧವಾದದ್ದು. ಹಿತ್ತಿಲಲ್ಲಿ ಬಾಳೆಯ ನೆರಳಲ್ಲಿ ಕೆಸು, ನುಗ್ಗೆಯ ಮೇಲೆ ಅವರೆ, ಬೇಲಿಯ ಮೇಲೆ ತೊಂಡೆ. ೧೮೫೬ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ೧೮೭೪ರಿಂದ ೧೯೦೮ರವರೆಗೆ ಅದರ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರನ್ನನ ಕಾಲದಲ್ಲಿ ಹೊಸ ತರಕಾರಿಗಳು ಅಲ್ಲಿಂದ ಸುತ್ತಲಿನ ತೋಟಗಳಿಗೆ ಹಬ್ಬಿದವು. ಅಮೆರಿಕ ಮೂಲದ ಸೀಮೆಬದನೆ ಇವುಗಳಲ್ಲಿ ಪ್ರಸಿದ್ಧವಾದದ್ದು. ಅದು ಬೆಂಗಳೂರಿಗೆ ಎಷ್ಟು ಒಗ್ಗಿತೆಂದರೆ ಚೆನ್ನೈಯ ಸಂತೆಯಲ್ಲಿ ಅದಕ್ಕೆ ‘ಬೆಂಗಳೂರು ಕತ್ತರಿಕ್ಕಾಯ್’, ಹೈದರಾಬಾದಿನಲ್ಲಿ ‘ಬೆಂಗಳೂರು ವಂಕಾಯ’ ಎಂಬ ಹೆಸರುಗಳು ಸಂದಿವೆ. ಕಡಲಾಚೆಯಿಂದ ಬಂದ ಗಿಡ ನೆರೆನಾಡಿನವರ ಕಣ್ಣಿಗೆ ಕನ್ನಡಿಗನಾಯಿತು! ಇದಕ್ಕೂ ಮುಂಚೆ ಪೋರ್ಚುಗೀಸರ ಮೂಲಕ ಬಂದ ಮೆಣಸಿನಕಾಯಿ ಹಳೆಯ ಮೆಣಸಿನ ಹೆಸರನ್ನು ಹೊತ್ತು ಒಳಗೆ ಬಂದಿತ್ತು. ಬಟಾಟೆ ತನ್ನ ಹೆಸರನ್ನು ತಾನೇ ತಂದಿತ್ತು. ಹಿತ್ತಿಲು ಹೊಸಬರಿಗೆ ಎಂದೂ ಬಾಗಿಲು ಮುಚ್ಚಿದ್ದಿಲ್ಲ.

ಬೆಂಗಳೂರಿಗೆ ತರಕಾರಿ ಬೆಳೆದುಕೊಟ್ಟ ತೋಟಗಾರರಲ್ಲಿ ತಿಗಳರು ಅಗ್ರಗಣ್ಯರು. ಅವರ ಕರಗ ಮಹೋತ್ಸವ ನಡೆಯುವುದು ಚೈತ್ರ ಶುದ್ಧ ಪೂರ್ಣಿಮೆಯಂದು, ಕೆರೆ ಬಾವಿಗಳು ತಳ ಕಾಣುವ ಕಾಲದಲ್ಲಿ. ನೀರಿನ ನೆಲೆಗಳಿಗೂ ಆ ಆಚರಣೆಗೂ ಬಿಡದ ನಂಟು. ಅದರಲ್ಲಿ ಹೆಸರುಗೊಂಡ ಸಂಪಂಗಿ ಕೆರೆಯ ಬಹುಭಾಗದ ಮೇಲೆ ಇಂದು ಕಂಠೀರವ ಕ್ರೀಡಾಂಗಣ ನಿಂತಿದೆ.

೬

ಹಿತ್ತಿಲು ಅಳಿದದ್ದು ಹೇಗೆ? ಜಾಗದ ಅಭಾವವೆಂಬುದು ಸಾಮಾನ್ಯ ಉತ್ತರ. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ೧೮೯೬ರಲ್ಲಿ ಹೆಸರುಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಬಂದಿತು. ೧೮೯೮ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಯ ಸುತ್ತ ಧಾರಾಳವಾಗಿ ನೆಲವಿತ್ತು, ಹಿತ್ತಿಲುಗಳೂ ಇದ್ದುವು. ಅಂದರೆ ನಲ್ಲಿ ಬಂದೊಡನೆ ಹಿತ್ತಿಲು ಸಾಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ ಆರಂಭವಾದಾಗ ಅಂಗಳದ ಮೂಲೆಗೆ ಮತ್ತೆ ಗೌರವ ಬಂದದ್ದೂ ಉಂಟು.

ಹಿತ್ತಿಲಿಗೆ ನಿಜವಾದ ಪೆಟ್ಟು ಕೊಟ್ಟದ್ದು ನೀರನ್ನು ತರುವ ಕೊಳವೆಯಲ್ಲ, ನೀರನ್ನು ಕೊಂಡೊಯ್ಯುವ ಕೊಳವೆ. ಒಳಚರಂಡಿ ಬಂದ ಮೇಲೆ ಬಚ್ಚಲಿನ ನೀರು ಬಾಳೆಯ ಬುಡವನ್ನು ಕಾಣದೆ ನೆಲದಡಿಯಲ್ಲಿ ಹರಿದುಹೋಯಿತು. ಸೌದೆಯ ಒಲೆ ಹೋದಾಗ ಬೂದಿ ಹೋಯಿತು. ಕೊಟ್ಟಿಗೆ ಹೋದಾಗ ಗೊಬ್ಬರ ಹೋಯಿತು. ಆರೋಗ್ಯದ ದೃಷ್ಟಿಯಿಂದ ಈ ಬದಲಾವಣೆಗಳಲ್ಲಿ ಬಹುಪಾಲು ಅವಶ್ಯವಾಗಿದ್ದುವೆಂಬುದನ್ನು ಅಲ್ಲಗಳೆಯಲಾಗದು. ಪ್ಲೇಗು, ಕಾಲರಗಳ ನೆನಪಿದ್ದವರು ತಿಪ್ಪೆಯನ್ನು ಹಂಬಲಿಸಲಾರರು. ಆದರೆ ಮನೆಯಿಂದ ಹೊರಬೀಳುವ ಪ್ರತಿಯೊಂದು ವಸ್ತುವಿಗೂ ಒಂದು ಗಿಡವನ್ನು ಗೊತ್ತುಮಾಡಿದ್ದ ವ್ಯವಸ್ಥೆ ಮುರಿದಾಗ, ನೆಲವಿದ್ದ ಮನೆಗಳಲ್ಲಿಯೂ ತೋಟ ಹೊರಗಿನಿಂದ ಕೊಂಡ ಗೊಬ್ಬರ, ಹೊರಗಿನಿಂದ ಕೊಂಡ ನೀರುಗಳ ಮೇಲೆ ನಿಲ್ಲಬೇಕಾಯಿತು. ಅಂತಹ ತೋಟ ವಿಲಾಸ. ವಿಲಾಸಕ್ಕೆ ಬರಗಾಲದಲ್ಲಿ ಮೊದಲು ಕತ್ತರಿ ಬೀಳುತ್ತದೆ.

ಹಾಗೆಯೇ ಆಯಿತು. ೨೦೨೪ರ ಮಾರ್ಚ್ ತಿಂಗಳಲ್ಲಿ, ಯುಗಾದಿಗೆ ಇನ್ನೂ ಒಂದು ತಿಂಗಳಿರುವಾಗ, ತೀವ್ರವಾದ ನೀರಿನ ಅಭಾವದಿಂದ ಬೆಂಗಳೂರು ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿ, ತಪ್ಪಿದವರಿಗೆ ೫೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು. ಸುಮಾರು ೧೦೦ ಕಿಲೋಮೀಟರ್ ದೂರದ ಕಾವೇರಿಯಿಂದ ಮೇಲೆತ್ತಿ ತರುವ ನೀರು ಗಿಡಕ್ಕಲ್ಲ, ಬಾಯಿಗೆ ಎಂಬುದು ಅದರ ತಾತ್ಪರ್ಯ. ಯಾವ ಅಜ್ಜಿಯೂ ಈ ಆಜ್ಞೆಗೆ ಬೆರಗಾಗುತ್ತಿರಲಿಲ್ಲ. ಸೇದಿದ ಹೊಸ ನೀರನ್ನು ಬಾಳೆಗೆ ಸುರಿಯುವುದು ಅವಳ ಹಿತ್ತಿಲಲ್ಲಿ ದಂಡವಿಲ್ಲದೆಯೇ ನಿಷಿದ್ಧವಾಗಿತ್ತು.

೭

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹುಮಂದಿಗೆ ಹಿತ್ತಿಲಿಲ್ಲ. ಚಾಳಿನ ಮೊಗಸಾಲೆಯಲ್ಲಿ ಎಣ್ಣೆಯ ಡಬ್ಬಿಗೆ ಮಣ್ಣು ತುಂಬಿ ಬೆಳೆಸಿದ ತುಳಸಿ, ದೊಡ್ಡಪತ್ರೆ, ಕರಿಬೇವುಗಳೇ ಹಿತ್ತಿಲಿನ ಪ್ರತಿನಿಧಿಗಳಾದುವು. ಆದರೆ ನೆಲವನ್ನು ಬಿಟ್ಟು ಬಂದವರು ಮಾತನ್ನು ಬಿಟ್ಟು ಬರಲಿಲ್ಲ. ಪಾತಿ, ಮಡಿ, ಬದು, ಹೆಂಟೆ, ಮಂಕರಿ, ಯಾತ, ಕಪಿಲೆ, ಹೊನ್ನೇರು, ಸುಡುಮಣ್ಣು, ಏಣೆಲು ಎಂಬ ಶಬ್ದಗಳು ಊರಿನಲ್ಲಿ ವಸ್ತುವಿನೊಡನೆಯೇ ಮರೆಯಾಗುತ್ತಿವೆ. ಹೊರನಾಡಿನ ಹಿರಿಯರ ನಾಲಿಗೆಯಲ್ಲಿ ಅವು ವಲಸೆ ಬಂದ ದಿನ ಇದ್ದಂತೆಯೇ ಉಳಿದಿರುವುದುಂಟು. ಕರಾವಳಿಯವರೂ ಧಾರವಾಡದವರೂ ಮೈಸೂರಿನವರೂ ಒಂದೇ ಸಭಾಂಗಣದಲ್ಲಿ ಕೂಡುವ ಅವಕಾಶ ಕನ್ನಡ ಸಂಘಗಳಿಗೆ ಇರುವಷ್ಟು ನಾಡಿನ ಒಳಗಿನ ಊರುಗಳಿಗೆ ಇಲ್ಲ. ಒಂದೇ ಕೆಲಸಕ್ಕೆ ಮೂರು ಸೀಮೆಗಳ ಮೂರು ಶಬ್ದಗಳನ್ನು ಒಂದೇ ಸಂಜೆ ಬರೆದುಕೊಳ್ಳುವುದು ಇಲ್ಲಿ ಸಾಧ್ಯ.

ಪ್ರತಿಯೊಂದು ಸಂಘವೂ ತನ್ನ ಹಿರಿಯ ಸದಸ್ಯರಿಂದ, ವಿಶೇಷವಾಗಿ ಹೆಣ್ಣುಮಕ್ಕಳಿಂದ, ಹಿತ್ತಿಲಿನ ಶಬ್ದಗಳನ್ನೂ ನೀರಿನ ಕ್ರಮವನ್ನೂ ಬೀಜ ಕಾಯುವ ವಿಧಾನವನ್ನೂ ಊರು, ಕಾಲಗಳ ಉಲ್ಲೇಖದೊಡನೆ ಬರೆದಿಡುವುದು ಅಗತ್ಯವಾದ ಕೆಲಸ. ಸಾವಿರ ವರ್ಷಗಳ ಹಿಂದೆ ಚಾವುಂಡರಾಯನು ತನ್ನ ಕಾಲದ ತಿಳಿವಳಿಕೆಯನ್ನು ಕನ್ನಡದಲ್ಲಿ ಕಟ್ಟಿಟ್ಟುದರಿಂದ ಅಷ್ಟಾದರೂ ಉಳಿಯಿತು. ಅವನು ಬರೆಯದೆ ಬಿಟ್ಟ ಬಚ್ಚಲಿನ ಕಾಲುವೆಯ ಶಾಸ್ತ್ರವನ್ನು ಬಲ್ಲವರು ಇನ್ನೂ ಕೆಲವರಿದ್ದಾರೆ. ನಗರಗಳು ಪ್ರತಿ ವಸಂತದಲ್ಲಿಯೂ ನೀರಿಗಾಗಿ ಪರದಾಡುವ ಈ ಕಾಲದಲ್ಲಿ ಆ ಶಾಸ್ತ್ರ ಬರಿಯ ಇತಿಹಾಸವಾಗಿ ಉಳಿಯದು.